ಮುತ್ತಿಗೆಯ ಕಾಲದಲ್ಲಿ ಕೊಂಡ ಹೊಲ



ಯಾದಗಿರಿ, ಶಹಾಪುರ, ಸುರಪುರಗಳ ನೆಲಕ್ಕೆ ಕಷ್ಟವು ಹೊಸದಲ್ಲ. 2019ರ ಆಗಸ್ಟ್ ತಿಂಗಳಲ್ಲಿ ನಾರಾಯಣಪುರದ ಬಸವಸಾಗರದಿಂದ ಬಿಟ್ಟ ಕೃಷ್ಣೆಯ ನೀರು ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆಯನ್ನು ಮುಳುಗಿಸಿತು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿಯಿತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ನೀರು ಹೆಚ್ಚಿದರೂ ಬೆಳೆ ಹೋಗುತ್ತದೆ, ಕಡಿಮೆಯಾದರೂ ಹೋಗುತ್ತದೆ. ಸಾಲ ಮಾತ್ರ ಉಳಿಯುತ್ತದೆ. ಆಗ ತಂದೆತಾಯಿಗಳು ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೊರಡುತ್ತಾರೆ. ಮಕ್ಕಳು ಅಜ್ಜಿಯ ಮಡಿಲಲ್ಲಿ ಉಳಿಯುತ್ತಾರೆ. ಇಂತಹ ಮನೆಯ ಹೊಸ್ತಿಲಲ್ಲಿ ನಿಂತು, ‘ದೇವರಿದ್ದಾನೆ, ಎಲ್ಲವೂ ಸರಿಹೋಗುತ್ತದೆ’ ಎಂದು ನುಡಿದು ಮುಂದೆ ನಡೆಯುವುದು ಸುಲಭ. ಆದರೆ ಅದು ಕ್ರೈಸ್ತ ಭರವಸೆಯೇ?

ನಾವು ಭರವಸೆಯಿಡುವ ವಸ್ತುವಿಗೆ ನಾಲ್ಕು ಲಕ್ಷಣಗಳಿವೆ ಎಂದು ಸಂತ ಥಾಮಸ್ ಅಕ್ವಿನಾಸರು ವಿವರಿಸುತ್ತಾರೆ: ಅದು ಒಳಿತಾಗಿರಬೇಕು, ಮುಂದೆ ಬರುವಂಥದ್ದಾಗಿರಬೇಕು, ಕಷ್ಟಸಾಧ್ಯವಾಗಿರಬೇಕು, ಆದರೂ ಸಾಧ್ಯವಾಗಿರಬೇಕು. ಹತಾಶೆಯು ‘ಸಾಧ್ಯ’ವೆಂಬುದನ್ನು ಮರೆಸುತ್ತದೆ, ಹುಸಿ ಧೈರ್ಯವು ‘ಕಷ್ಟ’ವೆಂಬುದನ್ನು ಮರೆಸುತ್ತದೆ. ನೊಂದವರ ಕಣ್ಣೀರು ಹತಾಶೆಯಲ್ಲ. ಅದನ್ನು ಕಾಣದಂತೆ ಆಡುವ ಸಾಂತ್ವನದ ಮಾತು ಭರವಸೆಯೂ ಅಲ್ಲ. ಗೆಳೆಯರ ನೆರವಿನಿಂದ ಆಗಬಲ್ಲದ್ದು ನಮಗೂ ಸಾಧ್ಯವಾದದ್ದೇ ಎಂಬುದು ಅದೇ ಸಂತರ ಇನ್ನೊಂದು ಮಾತಿನ ತಾತ್ಪರ್ಯ. ಒಬ್ಬನಿಗೆ ಮುಚ್ಚಿದಂತೆ ಕಾಣುವ ದಾರಿ ಹತ್ತು ಜನ ಸೇರಿದಾಗ ತೆರೆದೀತು.

ಶ್ರೀಗ್ರಂಥದಲ್ಲಿ ಇದಕ್ಕೊಂದು ನಿದರ್ಶನವಿದೆ. ಬಾಬಿಲೋನಿಯದ ಸೈನ್ಯವು ಜೆರುಸಲೇಮನ್ನು ಮುತ್ತಿದ್ದಾಗ ಪ್ರವಾದಿ ಯೆರೆಮೀಯನು ಸೆರೆಯಲ್ಲಿದ್ದನು. ನಗರವು ಬೀಳುವುದೆಂದು ಸಾರಿದವನೂ ಅವನೇ. ಆದರೂ ದೇವರ ಆಜ್ಞೆಯಂತೆ ಅವನು ಅನಾತೋತಿನಲ್ಲಿ ಸೋದರ ಸಂಬಂಧಿಯ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡನು. ಸಾಕ್ಷಿಗಳ ಎದುರು ಪತ್ರ ಬರೆಸಿ ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ಆ ಹೊಲವನ್ನು ಅವನು ಉತ್ತನೆಂದು ಶ್ರೀಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಮುಂದೆ ಬರುವವರಾದರೂ ಅಲ್ಲಿ ಬಾಳುವರೆಂಬ ದೇವರ ವಾಗ್ದಾನವೇ ಅವನಿಗೆ ಸಾಕಾಯಿತು. ಕಷ್ಟವನ್ನು ಅವನು ಅಲ್ಲಗಳೆಯಲಿಲ್ಲ. ಅದರ ನಡುವೆಯೇ ಮಾಡತಕ್ಕ ಕಾರ್ಯವನ್ನು ಮಾಡಿದನು.

ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೂ ಇಂತಹ ಕಾರ್ಯಗಳು ಇಲ್ಲದಿಲ್ಲ. ಗುಳೆ ಹೋದ ಮನೆಯ ಮಗು ಶಾಲೆ ಬಿಡದಂತೆ ನೋಡಿಕೊಳ್ಳುವುದು. ಸಾಲದ ಸಂಗತಿಯನ್ನು ನಾಚಿಕೆಯಿಂದ ಬಚ್ಚಿಟ್ಟುಕೊಂಡವನ ಬಳಿ ಕುಳಿತು ಕಿವಿಗೊಡುವುದು. ಓದು ಬಾರದವರಿಗೆ ಬೆಳೆವಿಮೆಯ ಅರ್ಜಿ ತುಂಬಿಕೊಡುವುದು. ಭಾನುವಾರದ ಬಲಿಪೂಜೆಗೆ ಬಾರದವರನ್ನು ಅಂದೇ ಸಂಜೆ ಹೋಗಿ ಕಾಣುವುದು. ಇವು ಚಿಕ್ಕ ಕೆಲಸಗಳು. ಆದರೆ ಮನೆಯಲ್ಲಿ ಒಬ್ಬನೇ ಕುಳಿತು ಕೆಟ್ಟ ನಿರ್ಧಾರಕ್ಕೆ ಬರುತ್ತಿರುವ ಮನುಷ್ಯನಿಗೆ, ಬಾಗಿಲು ತಟ್ಟಿದ ಒಂದು ಕೈಯೇ ದೇವರ ಉತ್ತರವಾಗಬಹುದು.

‘ಭರವಸೆಯ ಯಾತ್ರಿಕರು’ ಎಂಬ ಧ್ಯೇಯದ ಜೂಬಿಲಿ ವರ್ಷವನ್ನು ಪೋಪ್ ಫ್ರಾನ್ಸಿಸರು 2024ರ ಡಿಸೆಂಬರ್ 24ರಂದು ಆರಂಭಿಸಿದರು. ಅದರ ಮುಕ್ತಾಯವನ್ನು ಕಾಣದೆ 2025ರ ಏಪ್ರಿಲ್‌ನಲ್ಲಿ ಅವರು ಪ್ರಭುವಿನ ಸನ್ನಿಧಿಗೆ ತೆರಳಿದರು. 2026ರ ಜನವರಿ 6ರಂದು ಜೂಬಿಲಿಯೂ ಮುಗಿಯಿತು. ಯಾತ್ರೆ ಮಾತ್ರ ಮುಗಿದಿಲ್ಲ. ಪುನರುತ್ಥಾನಗೊಂಡ ಪ್ರಭು ನಮ್ಮೊಡನೆ ನಡೆಯುತ್ತಿದ್ದಾರೆ. ನಾವೂ ನೆರೆಯವನೊಡನೆ ನಡೆಯೋಣ.