ಅರ್ಧಕ್ಕೆ ಬಿಡಬಾರದ ಚಿಕಿತ್ಸೆ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳ್ಳಿಗಳಲ್ಲಿ ಕ್ಯಾನ್ಸರ್ ರೋಗಿಗೆ ನೀಡುವ ವಿಕಿರಣ ಚಿಕಿತ್ಸೆಯನ್ನು ‘ಕರೆಂಟ್ ಕೊಡಿಸುವುದು’ ಎನ್ನುವ ವಾಡಿಕೆಯಿದೆ. ಭಯವು ಈ ಹೆಸರಿನಲ್ಲಿಯೇ ಅಡಗಿದೆ. ಮೈಯೆಲ್ಲ ಸುಟ್ಟುಹೋಗುವುದೆಂದೂ, ಚಿಕಿತ್ಸೆ ಪಡೆದವರ ಬಳಿ ಮಕ್ಕಳು ಸುಳಿಯಬಾರದೆಂದೂ ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಇಲ್ಲಿ ವಿದ್ಯುತ್ತು ದೇಹವನ್ನು ಪ್ರವೇಶಿಸುವುದಿಲ್ಲ. ಹೊರಗಿನ ಯಂತ್ರದಿಂದ ಹಾಯಿಸುವ ಕಿರಣವು ಯಂತ್ರ ನಿಂತೊಡನೆ ನಿಲ್ಲುತ್ತದೆ; ರೋಗಿಯ ಮೈಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದ ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

1895ರಲ್ಲಿ ರಾಂಟ್ಜನ್ ಕ್ಷಕಿರಣವನ್ನು ಕಂಡುಹಿಡಿದನು. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರ ಬಳಕೆಗೆ ಬಂದಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಆ ಕಾಲದ ಯಂತ್ರಗಳು ಗೆಡ್ಡೆಯ ಜೊತೆಗೆ ಸುತ್ತಲಿನ ಆರೋಗ್ಯವಂತ ಭಾಗಕ್ಕೂ ಸಾಕಷ್ಟು ಪೆಟ್ಟು ಕೊಡುತ್ತಿದ್ದವು. ಇಂದಿನ ಲೀನಿಯರ್ ಆಕ್ಸಿಲರೇಟರ್ ಯಂತ್ರದಲ್ಲಿ ಸಿ.ಟಿ. ಸ್ಕ್ಯಾನ್ ಆಧರಿಸಿ ಗಣಕಯಂತ್ರವು ಕಿರಣದ ಆಕಾರವನ್ನೂ ಪ್ರಮಾಣವನ್ನೂ ಲೆಕ್ಕ ಹಾಕುತ್ತದೆ. ತೆಳುವಾದ ಲೋಹದ ಪಟ್ಟಿಗಳು ಸರಿದಾಡಿ ಕಿರಣವನ್ನು ಗೆಡ್ಡೆಯ ಆಕಾರಕ್ಕೆ ಹೊಂದಿಸುತ್ತವೆ. ಇದರಿಂದ ಬೆನ್ನುಹುರಿ, ಲಾಲಾಗ್ರಂಥಿಗಳಂತಹ ಭಾಗಗಳಿಗೆ ಹಿಂದಿಗಿಂತ ಬಹಳ ಕಡಿಮೆ ಕಿರಣ ತಾಗುವಂತೆ ನೋಡಿಕೊಳ್ಳಬಹುದು.

ಆದರೆ ಯಂತ್ರ ಎಷ್ಟೇ ನಿಖರವಾಗಿದ್ದರೂ ಅದರ ಫಲ ರೋಗಿಯ ನಡವಳಿಕೆಯನ್ನು ಅವಲಂಬಿಸಿದೆ. ಅಡಿಕೆ, ತಂಬಾಕು ಜಗಿಯುವ ನಮ್ಮ ಭಾಗದಲ್ಲಿ ಬಾಯಿಯ ಕ್ಯಾನ್ಸರ್ ಅಪರೂಪವಲ್ಲ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಕಿರಣವನ್ನೇ ಮುಖ್ಯ ಚಿಕಿತ್ಸೆಯಾಗಿ ಕೊಡುವಾಗ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ ವಾರಕ್ಕೆ 5 ದಿನ, 7 ವಾರಗಳಲ್ಲಿ ಒಟ್ಟು 70 ಗ್ರೇ ಕೊಡುತ್ತಾರೆ. ಪ್ರತಿದಿನದ ಬಿಡುವಿನಲ್ಲಿ ಆರೋಗ್ಯವಂತ ಜೀವಕೋಶ ಚೇತರಿಸಿಕೊಳ್ಳುತ್ತದೆ, ರೋಗಗ್ರಸ್ತ ಕೋಶ ಅಷ್ಟಾಗಿ ಚೇತರಿಸಿಕೊಳ್ಳಲಾರದು. ಎರಡು ಮೂರನೆಯ ವಾರದ ಹೊತ್ತಿಗೆ ಬಾಯಿ ಹುಣ್ಣಾಗಿ, ನುಂಗಲು ಕಷ್ಟವಾಗುತ್ತದೆ. ‘ಸಾಕು, ಊರಿಗೆ ಹೋಗೋಣ’ ಎಂದು ರೋಗಿ ಹೊರಡುವುದು ಆಗಲೇ. ಆದರೆ ಅಳಿದುಳಿದ ಕ್ಯಾನ್ಸರ್ ಕೋಶಗಳು ಹೆಚ್ಚು ವೇಗದಿಂದ ಬೆಳೆಯತೊಡಗುವುದೂ ಸುಮಾರು ನಾಲ್ಕನೆಯ ವಾರದಿಂದಲೇ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಕೆಲವೇ ದಿನಗಳ ಕಿರಣಕ್ಕೆ ರಕ್ತಸ್ರಾವ ನಿಲ್ಲುವುದುಂಟು. ಗುಣವಾಯಿತೆಂದು ತಾಯಂದಿರು ಚಿಕಿತ್ಸೆ ಬಿಡುತ್ತಾರೆ. ಅಲ್ಲಿ ಹೊರಗಿನ ಹಾಗೂ ಒಳಗಿನ ಕಿರಣ ಚಿಕಿತ್ಸೆಗಳೆರಡೂ 8 ವಾರದೊಳಗೆ ಮುಗಿಯಬೇಕು.

ಸುಶ್ರುತ ಸಂಹಿತೆಯು ಅರ್ಬುದದ ಚಿಕಿತ್ಸೆಯನ್ನು ಹೇಳುವಾಗ, ಶೇಷವುಳಿದ ಅರ್ಬುದವು ಉಳಿದ ಬೆಂಕಿಯಂತೆ ಮತ್ತೆ ಬೆಳೆದು ಕೊಲ್ಲುವುದೆಂದು ಎಚ್ಚರಿಸುತ್ತದೆ. ಶಸ್ತ್ರ, ಕ್ಷಾರ, ಅಗ್ನಿಗಳನ್ನು ಬಳಸಿದ ಆಚಾರ್ಯನ ಈ ಮಾತು ಆಯುರ್ವೇದವನ್ನು ನಂಬಿದವರಿಗೆ ಇಂದಿಗೂ ಮಾರ್ಗದರ್ಶಿ. ಆದ್ದರಿಂದ ‘ಮೊದಲು ಆರು ತಿಂಗಳು ಕಷಾಯ ಕುಡಿದು ನೋಡೋಣ’ ಎಂದು ಕೇಳಿಬರುವವರಿಗೆ ಆಯುರ್ವೇದ ವೈದ್ಯನಾಗಿಯೇ ನಾನು ‘ಬೇಡ’ ಎನ್ನುತ್ತೇನೆ. ಆ ಆರು ತಿಂಗಳಲ್ಲಿ ಗುಣವಾಗಬಹುದಾಗಿದ್ದ ರೋಗ ಕೈಮೀರಬಹುದು. ಕಿರಣದ ಜೊತೆಗೆ ಕೊಡುವ ಸಿಸ್‌ಪ್ಲಾಟಿನ್ ಔಷಧಿ ಮೂತ್ರಪಿಂಡಕ್ಕೆ ಭಾರ. ಅದರ ಮೇಲೆ ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಭಸ್ಮ, ರಸೌಷಧಿಗಳನ್ನು ಸೇವಿಸುವುದು ಅಪಾಯಕರ.

ನಮ್ಮ ಶಾಸ್ತ್ರದ ನಿಜವಾದ ನೆರವು ಆಹಾರದಲ್ಲಿದೆ. ತಲೆ, ಕೊರಳಿನ ಚಿಕಿತ್ಸೆಯಲ್ಲಿ ರೋಗಿಯ ಮುಖಕ್ಕೆ ಸರಿಹೊಂದುವ ಮುಸುಕನ್ನು ಮೊದಲೇ ಮಾಡಿರುತ್ತಾರೆ. ತೂಕ ಇಳಿದರೆ ಮುಸುಕು ಸಡಿಲವಾಗಿ ಲೆಕ್ಕವೇ ತಪ್ಪುತ್ತದೆ. ಕೆಲವೊಮ್ಮೆ ಹೊಸದಾಗಿ ಸ್ಕ್ಯಾನ್ ಮಾಡಬೇಕಾಗುತ್ತದೆ. ಆದ್ದರಿಂದ ಪಥ್ಯವೆಂದು ಹಾಲು, ಮೊಸರು, ಬೇಳೆಗಳನ್ನು ಬಿಡಿಸುವುದು ಆ ದಿನಗಳಲ್ಲಿ ಅಪಥ್ಯವೇ ಸರಿ. ಸೋಮವಾರದ, ಶ್ರಾವಣದ ಉಪವಾಸಗಳೂ ಬೇಡ. ತಣಿದ ರಾಗಿ ಅಂಬಲಿ, ಬೇಳೆಯ ಕಟ್ಟು, ಹೆಸರುಬೇಳೆ ಪಾಯಸ, ತುಪ್ಪ ಬೆರೆಸಿದ ಮೆದು ಅನ್ನವನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಕೊಡಬೇಕು. ಉಪ್ಪು ಮತ್ತು ಅಡಿಗೆ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಬೇಕು.

ಸದ್ಭಕ್ತರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಕಿರಣ ಬೀಳುವ ಜಾಗಕ್ಕೆ ವಿಭೂತಿ, ಎಣ್ಣೆ, ಲೇಪ ಯಾವುದನ್ನೂ ಹಚ್ಚಬಾರದು. ಅಲ್ಲಿ ಹಾಕಿದ ಗುರುತುಗಳನ್ನು ಉಜ್ಜಿ ತೊಳೆಯಬಾರದು. ಕೊರಳು, ಎದೆಯ ಚಿಕಿತ್ಸೆಯಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಕಿರಣದ ದಾರಿಗೆ ಅಡ್ಡ ಬರುತ್ತದೆ. ಲಿಂಗವನ್ನು ಅಂಗದಿಂದ ಅಗಲಿಸಲಾರೆವೆಂಬ ನಿಷ್ಠೆಯಿಂದ ಚಿಕಿತ್ಸೆಯನ್ನೇ ನಿರಾಕರಿಸಬೇಕಾಗಿಲ್ಲ. ನಮ್ಮ ಸಂಪ್ರದಾಯದಲ್ಲಿ ಲಿಂಗಕ್ಕೆ ಕಂಠ, ಎದೆಗಳಂತೆ ಕರಸ್ಥಲವೂ ನೆಲೆಯೇ. ತಮ್ಮ ಗುರುಗಳಲ್ಲಿ ಮೊದಲೇ ವಿಜ್ಞಾಪಿಸಿಕೊಂಡು, ಸ್ಕ್ಯಾನ್ ಮಾಡುವ ದಿನವೇ ಸಿಬ್ಬಂದಿಗೆ ತಿಳಿಸಿದರೆ ಆ ಕೆಲವು ನಿಮಿಷಗಳಿಗೆ ಸೂಕ್ತ ವ್ಯವಸ್ಥೆ ಮಾಡಿಕೊಳ್ಳಬಹುದು.

ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲು ಪ್ರಯಾಣದರದಲ್ಲಿ ರಿಯಾಯಿತಿಯಿದೆ. ಆದರೂ ದೇವನೂರಿನ ಒಬ್ಬ ಕೃಷಿಕ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನಲ್ಲಿ 7 ವಾರ ಉಳಿಯುವುದೆಲ್ಲಿ? ಊರಿನಲ್ಲಿ ಹಸು ಕರೆಯುವವರಾರು, ತೋಟಕ್ಕೆ ನೀರು ಹಾಯಿಸುವವರಾರು? ಅನೇಕರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ನೋವಿಗಿಂತ ಹೆಚ್ಚಾಗಿ ಈ ಚಿಂತೆಯಿಂದಲೇ. ಬೆಂಗಳೂರಿನಲ್ಲಿ ನೆಲೆಸಿರುವ ಭಕ್ತರು ಒಂದು ಕೋಣೆ, ಎರಡು ಹೊತ್ತಿನ ಮೆದು ಊಟ ಒದಗಿಸಲಿ. ಊರಿನಲ್ಲಿರುವವರು ಸರದಿಯಂತೆ ರೋಗಿಯ ಮನೆಯ ಕೊಟ್ಟಿಗೆಯನ್ನೂ ತೋಟವನ್ನೂ ನೋಡಿಕೊಳ್ಳಲಿ. ಮಠದಲ್ಲಿ ನಾವು ಕಲಿತ ದಾಸೋಹವು ಈ 7 ವಾರಗಳಲ್ಲಿ ಒಂದು ಜೀವವನ್ನು ಉಳಿಸಬಲ್ಲದು.