ಮಗುವಿನ ಎದೆಗೆ ಎರಡು ಸಲ ಎಕ್ಸ್‌ರೇ: ತಪ್ಪು ಯಾರದು?



ನಾನು ಕುಮಟೆಯಲ್ಲಿ ಪ್ರೆಸ್ಸು ನಡೆಸುವವನು. ಓದಿದ್ದು ಪಿಯುಸಿ. ವೈದ್ಯನಲ್ಲ. ಆದರೆ ಬೆಳಕು ಹೆಚ್ಚಾದರೆ ಏನಾಗುತ್ತದೆ, ಕಡಿಮೆಯಾದರೆ ಏನಾಗುತ್ತದೆ ಎಂಬುದು ಪ್ಲೇಟು ಮಾಡಿ ಮಾಡಿ ಗೊತ್ತು.

ಕೆಮ್ಮು, ಜ್ವರವಿದ್ದ ಐದು ವರ್ಷದ ಮಗಳನ್ನು ಎಕ್ಸ್‌ರೇಗೆ ಒಯ್ದಿದ್ದೆ. "ಬ್ರೀದ್ ಇನ್, ಹೋಲ್ಡ್!" ಎಂದು ಆಚೆಯಿಂದ ಕೂಗಿದರು. ಮಗು ತಿರುಗಿ ನನ್ನ ಮುಖ ನೋಡಿತು. ಚಿತ್ರ ಅಲುಗಿತು. ಮತ್ತೊಮ್ಮೆ ತೆಗೆದರು. "ಉಸ್ರು ಹಿಡ್ಕ ತಂಗಿ" ಎಂಬ ಮೂರು ಪದ ಬಾರದ್ದಕ್ಕೆ ನನ್ನ ಮಗಳಿಗೆ ಎರಡು ಪಾಲು ವಿಕಿರಣ!

ಹೆದರಿಸಲು ಬರೆಯುತ್ತಿಲ್ಲ. ಎದೆಯ ಒಂದು ಎಕ್ಸ್‌ರೇಯ ವಿಕಿರಣ ಬಹಳ ಕಡಿಮೆ. ಮಣ್ಣು, ಗಾಳಿ, ಆಕಾಶದಿಂದ ಕೆಲವೇ ದಿನಗಳಲ್ಲಿ ಬೀಳುವಷ್ಟು. ನ್ಯುಮೋನಿಯಾ ಅನುಮಾನವಿದ್ದು ಡಾಕ್ಟರು ಹೇಳಿದರೆ ತೆಗೆಸಲೇಬೇಕು. ಆದರೆ ಮಗು ಬೆಳೆಯುವ ಜೀವ, ಮುಂದೆ ಬಾಳಬೇಕಾದ ವರ್ಷಗಳು ಹೆಚ್ಚು. ಅದಕ್ಕೆ ಬೇಡದ ಹನಿಯೂ ಬೇಡ.

ಫಿಲ್ಮಿನ ಕಾಲದಲ್ಲಿ ಡೋಸ್ ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ಸಿಕ್ಕಿಬೀಳುತ್ತಿತ್ತು. ಡಿಜಿಟಲ್ ಯಂತ್ರದಲ್ಲಿ ಕಂಪ್ಯೂಟರು ಅದನ್ನು ಮುಚ್ಚಿಹಾಕುತ್ತದೆ. ಡೋಸ್ ಕಡಿಮೆಯಾದರೆ ಮರಳು ಎರಚಿದಂತೆ ಚುಕ್ಕೆ. ಹೆಚ್ಚಾದರೆ ಚಿತ್ರ ಇನ್ನೂ ಚೆಂದ! ಹಾಗಾಗಿ ಡೋಸ್ ಮೆಲ್ಲಗೆ ಏರುತ್ತದೆ, ಕೇಳುವವರಿಲ್ಲ. ತೀರಾ ಇಳಿಸಿದರೂ ನಷ್ಟವೇ: ಕಾಣದ ಚಿತ್ರವನ್ನು ಮತ್ತೆ ತೆಗೆಯಬೇಕು. ಕರಪತ್ರಕ್ಕೆ ಆರ್ಟ್ ಪೇಪರ್ ಏಕೆ? ಡಾಕ್ಟರಿಗೆ ರೋಗ ಕಂಡರೆ ಸಾಕು. ದೊಡ್ಡವರ ಅಳತೆ ಮಕ್ಕಳಿಗೆ ಬೇಡವೆಂದು ಅಮೆರಿಕದಲ್ಲಿ 2008ರಲ್ಲೇ 'ಇಮೇಜ್ ಜೆಂಟ್ಲಿ' ಅಭಿಯಾನ ಹುಟ್ಟಿತು.

ಕೈಗಾದಲ್ಲಿ 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟ ಕುಸಿದಾಗ ವಿಕಿರಣದ ಬಗ್ಗೆ ಜಿಲ್ಲೆಗೆ ಜಿಲ್ಲೆಯೇ ಮಾತಾಡಿತು. ಎಕ್ಸ್‌ರೇ ಕೋಣೆಯ ಮುಂದೆ ಮಾತ್ರ ಬಾಯಿಗೆ ಬೀಗವೇ? ಅಲ್ಲಿಯ ಯಂತ್ರಕ್ಕೂ ಪರವಾನಗಿ ಕೊಡುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೇ!

ಭಟ್ಕಳ, ಹೊನ್ನಾವರ, ಕುಮಟೆಗಳಿಂದ ಕಾಯಿಲೆ ಜೋರಾದ ಮಗುವನ್ನು ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯುತ್ತೇವೆ. ಹಳೆಯ ಫಿಲ್ಮು ಮನೆಯಲ್ಲೇ ಉಳಿದರೆ ಅಲ್ಲಿ ಮತ್ತೊಂದು ಎಕ್ಸ್‌ರೇ! ಫಿಲ್ಮು, ಸಿಡಿ ಕೈಯಲ್ಲೇ ಇರಲಿ.

ನಮ್ಮ ಬೇಡಿಕೆ ಇಷ್ಟೇ. ಎಕ್ಸ್‌ರೇ ಕೋಣೆಯಲ್ಲಿ ಕನ್ನಡದ ಫಲಕ, ಕನ್ನಡದ ಮಾತು ಬೇಕು. ಮಗು ಕೊಂಕಣಿ, ನವಾಯತಿ ಆಡಿದರೆ ಅದೇ ಭಾಷೆಯಲ್ಲಿ ಹೇಳಲಿ. ಬೆಳಕಿನ ಚೌಕ ಎದೆಗಷ್ಟೇ ಬೀಳಲಿ. ದೊಡ್ಡವರಿಗೆ ಹಾಕುವ ಗ್ರಿಡ್ಡನ್ನು ಪುಟ್ಟ ಮಗುವಿಗೆ ಹಾಕಿ ಡೋಸ್ ಏರಿಸಬೇಡಿ.

ಬೆಂಗಳೂರು, ಹುಬ್ಬಳ್ಳಿಯ ಯುವಕರೇ, ನಿಮ್ಮೂರಿನ ಆಸ್ಪತ್ರೆಯಲ್ಲೂ ಹೋಗಿ ಕೇಳಿ: "ಮಕ್ಕಳ ಅಳತೆ ಇಟ್ಟಿದ್ದೀರಾ?" ಕನ್ನಡದಲ್ಲೇ ಕೇಳಿ. ಉತ್ತರ ಸಿಗುವವರೆಗೂ ಕೇಳಿ!