ವ್ಯಾಟಿನ ಲೆಕ್ಕದಲ್ಲಿ ಕಳೆದುಹೋಗುವ ದನಿ

ಗೋಕಾಕ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕರದಂಟು ಮತ್ತು ಘಟಪ್ರಭೆಯ ಜಲಪಾತ. ಆ ಸೀಮೆಗೆ ಇನ್ನೊಂದು ಹಿರಿಮೆಯೂ ಉಂಟು. ಅದು ಶ್ರೀಕೃಷ್ಣ ಪಾರಿಜಾತದ ತವರು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಹೆಣೆದುಕೊಂಡಿರುವ, ಕೌಜಲಗಿ ನಿಂಗಮ್ಮನವರ ಕಂಠದಿಂದ ಮನೆಮಾತಾದ ಬಯಲಾಟ ಅದು. ಕುಲಗೋಡ, ಕೌಜಲಗಿ ಎರಡೂ ಗೋಕಾಕ ಸೀಮೆಯ ಊರುಗಳು. ಪಾರಿಜಾತದಲ್ಲಿ ಹಾಡಿನಷ್ಟೇ ಮಾತಿಗೂ ಬೆಲೆ. ಭಾಗವತ ಮತ್ತು ದೂತಿಯ ನಡುವಿನ ಚುರುಕು ಮಾತಿನ ವರಸೆಯಲ್ಲಿ ಒಂದು ಅಕ್ಷರ ಕೇಳದೆ ಹೋದರೂ ನಗೆ ತಪ್ಪಿಹೋಗುತ್ತದೆ.

ಇಂದು ಇಂಥ ಆಟವೊಂದಕ್ಕೆ, ಅಥವಾ ಊರ ಜಾತ್ರೆಯ ಭಜನೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ ನೋಡಿ. ವೇದಿಕೆಯ ಎರಡೂ ಬದಿಗೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಪಕ್ಕದಲ್ಲಿ ಮಿನುಗುವ ದೀಪಗಳ ಆಂಪ್ಲಿಫೈಯರ್. ಸದ್ದು ಪಕ್ಕದ ಹಳ್ಳಿಗೂ ಮುಟ್ಟುತ್ತದೆ. ಆದರೆ ಹತ್ತನೆಯ ಸಾಲಿನಲ್ಲಿ ಕುಳಿತ ಅಜ್ಜಿಗೆ ಮಾತು ತಿಳಿಯುವುದಿಲ್ಲ. ಕೇಳಿದರೆ ಸಂಘಟಕರು ಕೊಡುವ ಉತ್ತರ ಒಂದೇ: ಮುಂದಿನ ವರ್ಷ ಇನ್ನೂ ದೊಡ್ಡ ಸೆಟ್ ತರಿಸುತ್ತೇವೆ.

ಈ ಉತ್ತರವೇ ತಪ್ಪು ಎಂಬುದು ನನ್ನ ವಾದ. ಕೊರತೆ ಇರುವುದು ಶಕ್ತಿಯಲ್ಲಲ್ಲ, ಜೋಡಣೆಯಲ್ಲಿ. ಆಂಪ್ಲಿಫೈಯರ್ ಎಂಬುದು ಬಂದದ್ದನ್ನು ಬಂದಂತೆಯೇ ದೊಡ್ಡದು ಮಾಡಿ ಕಳುಹಿಸಬೇಕಾದ ಯಂತ್ರ. ತನ್ನದನ್ನು ಸೇರಿಸಬಾರದು, ಮೈಕಿನದನ್ನು ನುಂಗಬಾರದು. ಒಳ್ಳೆಯ ಟಿಪ್ಪಣಿ ಗುಮಾಸ್ತನಂತೆ ಕಡತವನ್ನು ಮೇಲಕ್ಕೆ ಒಯ್ಯಬೇಕೇ ಹೊರತು ಅದರ ಒಕ್ಕಣೆಯನ್ನು ತಿದ್ದಬಾರದು. ಮನುಷ್ಯನ ಕಿವಿಗೆ ಎಟಕುವ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಎಲ್ಲ ಸ್ವರಗಳನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸುವುದಕ್ಕೆ ತಟಸ್ಥತೆ ಎನ್ನುತ್ತಾರೆ. ಒಂದು ಕಾಲದಲ್ಲಿ ಇದು ದುಬಾರಿ ಗುಣವಾಗಿತ್ತು. ಈಗ ಹಾಗಿಲ್ಲ. ಕ್ಲಾಸ್-ಡಿ ಮಾದರಿಯ ಸಾಧಾರಣ ಬೆಲೆಯ ಆಂಪ್ಲಿಫೈಯರ್ ಕೂಡ ಈ ಪರೀಕ್ಷೆಯಲ್ಲಿ ಡೆಸಿಬೆಲ್‌ನ ಒಂದು ಸಣ್ಣ ಭಾಗದಷ್ಟೇ ತಪ್ಪಬಹುದು. ಸ್ಪೀಕರ್ ಮತ್ತು ಹೆಡ್‌ಫೋನ್‌ಗಳ ಕಥೆ ಬೇರೆ. ಒಂದಕ್ಕೂ ಇನ್ನೊಂದಕ್ಕೂ ಐದು, ಹತ್ತು ಡೆಸಿಬೆಲ್‌ಗಳ ಅಂತರ ಸಾಮಾನ್ಯ. ಹಾಗಾದರೆ ಹಣ ಎಲ್ಲಿ ಸುರಿಯಬೇಕು? ಯಾವ ಕೊಂಡಿ ಸಡಿಲವೋ ಅಲ್ಲಿ. ನಾವು ಮಾಡುತ್ತಿರುವುದು ಇದರ ತಿರುವುಮುರುವು.

ಸರ್ಕಾರಿ ಸೇವೆಯಲ್ಲಿದ್ದಾಗ ಧ್ವನಿವರ್ಧಕ ಖರೀದಿಯ ಕಡತಗಳು ನನ್ನ ಮೇಜಿನ ಮೇಲೂ ಹಾದುಹೋಗಿವೆ. ಅವುಗಳಲ್ಲಿ ಸಾಮಾನ್ಯವಾಗಿ ಎರಡೇ ಸಾಲು ಇರುತ್ತಿತ್ತು: ಇಷ್ಟು ವ್ಯಾಟಿನ ಆಂಪ್ಲಿಫೈಯರ್ ಒಂದು, ಸ್ಪೀಕರ್ ನಾಲ್ಕು. ಆ ಸ್ಪೀಕರ್ ಎಂಥದ್ದು, ಒಂದು ವ್ಯಾಟಿಗೆ ಎಷ್ಟು ಸದ್ದು ಕೊಡುತ್ತದೆ, ಯಾವ ಸ್ವರದಿಂದ ಯಾವ ಸ್ವರದವರೆಗೆ ನುಡಿಯುತ್ತದೆ ಎಂಬ ಮಾತಿಲ್ಲ. ಪಾರದರ್ಶಕತೆಗಾಗಿ 1999ರಲ್ಲಿ ಕರ್ನಾಟಕ ಒಂದು ಒಳ್ಳೆಯ ಖರೀದಿ ಕಾಯಿದೆಯನ್ನೇ ತಂದಿತು. ಆದರೆ ಕಾಯಿದೆ ಬೆಲೆಯ ಪೈಪೋಟಿಯನ್ನು ಕಾಯುತ್ತದೆಯೇ ಹೊರತು ಇಲಾಖೆ ಬರೆಯದ ಗುಣಮಟ್ಟವನ್ನು ತಾನಾಗಿ ಬರೆದುಕೊಳ್ಳುವುದಿಲ್ಲ. ವ್ಯಾಟು ಮಾತ್ರ ಬರೆದರೆ ಸರಬರಾಜುದಾರ ವ್ಯಾಟನ್ನೇ ಕೊಡುತ್ತಾನೆ, ಅದೂ ಕಾಗದದ ಮೇಲೆ. ಅಂಗೈಯಗಲದ ಟೇಪ್‌ರೆಕಾರ್ಡರ್‌ಗಳ ಮೇಲೆ ಸಾವಿರಾರು ವ್ಯಾಟ್ 'ಪಿಎಂಪಿಓ' ಎಂದು ಅಚ್ಚಾಗಿರುತ್ತಿದ್ದ ದಿನಗಳು ಓದುಗರಿಗೆ ನೆನಪಿರಬಹುದು. ಕ್ಷಣಮಾತ್ರದ ಉಬ್ಬರವನ್ನು ಎಣಿಸಿದ ಆ ಅಂಕಿಗೂ ನಿರಂತರವಾಗಿ ದೊರೆಯುವ ಶಕ್ತಿಗೂ ಸಂಬಂಧವೇ ಇರಲಿಲ್ಲ.

ವ್ಯಾಟಿನ ಅರ್ಥಶಾಸ್ತ್ರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಳಿಮುಖ ಪ್ರತಿಫಲಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಪಠ್ಯಪುಸ್ತಕಗಳಲ್ಲೂ ಸಿಕ್ಕಿಲ್ಲ. ಆಂಪ್ಲಿಫೈಯರಿನ ಶಕ್ತಿಯನ್ನು 100 ವ್ಯಾಟಿನಿಂದ 200ಕ್ಕೆ ಏರಿಸಿದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಅದು 'ತುಸು ಹೆಚ್ಚಾಯಿತು' ಎನ್ನುವಷ್ಟು ಮಾತ್ರ. ಸದ್ದು ಇಮ್ಮಡಿಯಾದಂತೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟು. ಇತ್ತ ಸ್ಪೀಕರುಗಳನ್ನು ನೋಡಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಒಂದು ಪೆಟ್ಟಿಗೆ 90 ಡೆಸಿಬೆಲ್ ನುಡಿಯುತ್ತದೆ, ಇನ್ನೊಂದು 97. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಕಳೆಯುತ್ತಾ ಹೋಗಬೇಕು. 100 ವ್ಯಾಟ್ ಕೊಟ್ಟರೆ ಮೊದಲನೆಯದು 32 ಮೀಟರ್ ದೂರದ ಕೇಳುಗನಿಗೆ 80 ಡೆಸಿಬೆಲ್ ಮುಟ್ಟಿಸುತ್ತದೆ, ಎರಡನೆಯದು 87. ಮೊದಲನೆಯದರಿಂದಲೇ 87 ಹೊರಡಿಸಬೇಕೆಂದರೆ 500 ವ್ಯಾಟಿನ ಆಂಪ್ಲಿಫೈಯರ್ ಬೇಕು, ಅದನ್ನು ತಾಳುವ ಸ್ಪೀಕರೂ ಬೇಕು. ಎದುರೆದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬೆಲ್ ಎಂಬುದನ್ನು ನೆನೆದರೆ 80 ಆಗಲೇ ಧಾರಾಳವಾಯಿತು.

ವೋಲ್ಟೇಜ್ ಇಳಿಯುತ್ತದೆ, ಆದ್ದರಿಂದ ದೊಡ್ಡ ಯಂತ್ರವೇ ಬೇಕು ಎಂಬ ಸಮಜಾಯಿಷಿಯನ್ನೂ ಹಳ್ಳಿಗಳಲ್ಲಿ ಕೇಳುತ್ತೇವೆ. 230 ವೋಲ್ಟ್ ಇರಬೇಕಾದಲ್ಲಿ 200 ಬಂದರೂ ಸಾದಾ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರಿನ ಗರಿಷ್ಠ ಶಕ್ತಿ ಕಾಲು ಭಾಗದಷ್ಟು ಕುಗ್ಗುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಅದು ಒಂದಕ್ಕಿಂತ ತುಸು ಹೆಚ್ಚು. ಯಾರ ಕಿವಿಯೂ ದೂರು ಕೊಡುವಷ್ಟಲ್ಲ.

ಅತಿ ಹೆಚ್ಚು ಸದ್ದು ಕೊಡುವ ಹಾರ್ನ್ ಸ್ಪೀಕರನ್ನೇ ಕಟ್ಟಿದರಾಯಿತಲ್ಲ ಎನ್ನಬಹುದು. ಗುಡಿಯ ಗೋಪುರದ ಮೇಲೆ, ಪ್ರಚಾರದ ಜೀಪಿನ ಮೇಲೆ ಕಾಣುವ ಆ ಕಹಳೆ ಒಂದು ವ್ಯಾಟಿಗೆ 100ಕ್ಕೂ ಮಿಕ್ಕಿದ ಡೆಸಿಬೆಲ್ ಕೂಗುತ್ತದೆ, ನಿಜ. ಆದರೆ ಅದು ಕೂಗುವುದು ಕೆಲವು ನೂರು ಹರ್ಟ್ಸ್‌ನಿಂದ ಐದಾರು ಸಾವಿರದವರೆಗೆ ಮಾತ್ರ. ಗಂಡಸಿನ ಮಾತಿನ ಮೂಲಸ್ವರ ಇರುವುದೇ 100-150 ಹರ್ಟ್ಸ್ ಆಸುಪಾಸಿನಲ್ಲಿ. ಅದು ಅಲ್ಲಿ ಹೊರಬರುವುದೇ ಇಲ್ಲ. ಪ್ರಕಟಣೆಗೆ ಅದು ಸಾಕು, ಪಾರಿಜಾತಕ್ಕೆ ಸಾಲದು. ಹಾಗೆಂದು ಇದರ ವಿರುದ್ಧ ದಿಕ್ಕಿಗೆ ಓಡುವುದೂ ಅಪಾಯವೇ. ಈಗ ಜಾತ್ರೆ, ಮೆರವಣಿಗೆಗಳಲ್ಲಿ ಬಾಡಿಗೆಗೆ ಬರುವ ಡಿಜೆ ಪೆಟ್ಟಿಗೆಗಳನ್ನು ಎದೆ ನಡುಗಿಸುವ ತಗ್ಗು ಸ್ವರಕ್ಕಾಗಿಯೇ ಕಟ್ಟಿರುತ್ತಾರೆ. ಕನ್ನಡದ ಸ, ಶ, ಚಗಳನ್ನು ಬೇರ್ಪಡಿಸುವ ಸೂಕ್ಷ್ಮ ಸದ್ದು ಇರುವುದು ಬಹುಪಾಲು 3,000 ಹರ್ಟ್ಸ್‌ನಿಂದ ಮೇಲೆ. ತಗ್ಗು ಸ್ವರ ಉಬ್ಬಿದಷ್ಟೂ ಆ ಸೂಕ್ಷ್ಮಗಳು ಅದರಡಿ ಹೂತುಹೋಗುತ್ತವೆ. ಮಳೆಗಾಲದಲ್ಲಿ 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಜಲಪಾತದ ಎದುರು ನಿಂತವರಿಗೆ ಈ ಮುಚ್ಚುವಿಕೆಯನ್ನು ವಿವರಿಸಬೇಕಾಗಿಲ್ಲ. ಪಕ್ಕದವನ ತುಟಿ ಅಲುಗುವುದು ಕಾಣುತ್ತದೆ, ಮಾತು ಕಾಣೆ.

ಕೆಲವು ರಸಿಕರು ಇದಕ್ಕೊಂದು ಉಪಾಯ ಹೇಳುತ್ತಾರೆ. ಸ್ಪೀಕರು ಕರ್ಕಶವಾಗಿದ್ದರೆ ಮೆತ್ತನೆಯ ದನಿಯ ಆಂಪ್ಲಿಫೈಯರ್ ಹಾಕಿ, ಮಂಕಾಗಿದ್ದರೆ ಚುರುಕಿನದನ್ನು ಹಾಕಿ, ಒಂದರ ದೋಷವನ್ನು ಇನ್ನೊಂದು ನುಂಗಿಕೊಳ್ಳಲಿ. ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಹುಳಿ ಹಿಂಡುವ ಈ ನಳಪಾಕ ನನಗೆ ಒಪ್ಪಿಗೆಯಿಲ್ಲ. ಎರಡು ತಪ್ಪುಗಳು ಒಂದೇ ಸ್ವರದಲ್ಲಿ, ಒಂದೇ ಪ್ರಮಾಣದಲ್ಲಿ ಎದುರುಬದುರಾಗಿ ನಿಲ್ಲುವುದು ಅಪರೂಪ. ಆಂಪ್ಲಿಫೈಯರ್ ತಟಸ್ಥವಾಗಿಯೇ ಇರಲಿ. ರುಚಿಯ ಆಯ್ಕೆ, ಕೋಣೆಯ ಆಯ್ಕೆ, ಬಯಲಿನ ಆಯ್ಕೆ ಎಲ್ಲವೂ ಸ್ಪೀಕರಿನ ಬಳಿ ನಡೆಯಲಿ. ಆಂಪ್ಲಿಫೈಯರಿನ ಮಟ್ಟಿಗೆ ನೋಡಬೇಕಾದದ್ದು ವಿದ್ಯುತ್ತಿನ ಹೊಂದಾಣಿಕೆ. 4 ಓಮ್ ಸ್ಪೀಕರ್ ತಾಳದ ಯಂತ್ರಕ್ಕೆ ಎರಡು 8 ಓಮ್ ಪೆಟ್ಟಿಗೆಗಳನ್ನು ಸಮಾಂತರವಾಗಿ ಕಟ್ಟಿದರೆ ಅದರ ಮೇಲೆ ಬೀಳುವುದು ಆ 4 ಓಮ್ ಹೊರೆಯೇ. ಸಣ್ಣ ಯಂತ್ರವನ್ನು ಕಿವಿ ಹಿಂಡಿ ಮೀರಿ ದುಡಿಸಿದರೆ ಅಲೆಯ ತಲೆ ಕತ್ತರಿಸಿ ಹೋಗಿ, ಮೇಲುಸ್ವರದ ಪುಟ್ಟ ಸ್ಪೀಕರು ಸುಟ್ಟುಹೋಗುತ್ತದೆ. ಉದ್ದನೆಯ ತಂತಿಗಳಲ್ಲಿ ಹತ್ತಾರು ಸ್ಪೀಕರುಗಳನ್ನು ನೇತುಹಾಕುವ 100 ವೋಲ್ಟ್ ವ್ಯವಸ್ಥೆಯಲ್ಲಿ ಎಲ್ಲ ಸ್ಪೀಕರುಗಳ ವ್ಯಾಟು ಕೂಡಿದರೆ ಆಂಪ್ಲಿಫೈಯರಿನ ವ್ಯಾಟನ್ನು ಮೀರಬಾರದು. ಇಷ್ಟು ಕೂಡು-ಕಳೆ ಏಳನೆಯ ತರಗತಿಯ ಮಕ್ಕಳಿಗೂ ಬರುತ್ತದೆ.

ಹೆಡ್‌ಫೋನ್‌ಗಳ ವಿಷಯ ಮನೆಯೊಳಗಿನದು, ಆದರೆ ಹೊಂದಾಣಿಕೆಯ ಪಾಠ ಅಲ್ಲಿ ಇನ್ನೂ ನಿಚ್ಚಳ. ವಿದ್ಯುತ್ತಿಗೆ ಒಡ್ಡುವ ತಡೆ, ಅಂದರೆ ಇಂಪೀಡೆನ್ಸ್, ಒಂದು ಹೆಡ್‌ಫೋನಿನಲ್ಲಿ ನಡುಸ್ವರಕ್ಕೆ 32 ಓಮ್ ಇದ್ದು ತಗ್ಗು ಸ್ವರದಲ್ಲಿ 80ಕ್ಕೆ ಏರುತ್ತದೆ ಎಂದುಕೊಳ್ಳಿ. ಹಳೆಯ ಕೆಲವು ಆಂಪ್ಲಿಫೈಯರುಗಳ ಹೆಡ್‌ಫೋನ್ ಕಿಂಡಿಯಲ್ಲಿ 120 ಓಮ್‌ನಷ್ಟು ಒಳತಡೆ ಇರುತ್ತಿತ್ತು. ಇವೆರಡನ್ನೂ ಜೋಡಿಸಿದರೆ ತಗ್ಗು ಸ್ವರ 5 ಡೆಸಿಬೆಲ್‌ಗೂ ಹೆಚ್ಚು ಉಬ್ಬುತ್ತದೆ. ಒಳತಡೆ 1 ಓಮ್ ಇದ್ದಲ್ಲಿ ಇದೇ ವ್ಯತ್ಯಾಸ 0.2 ಡೆಸಿಬೆಲ್ ಕೂಡ ಅಲ್ಲ. ಆಂಪ್ಲಿಫೈಯರಿನ ಒಳತಡೆ ಹೆಡ್‌ಫೋನಿನದರ ಎಂಟರಲ್ಲೊಂದು ಭಾಗ ಮೀರದಿರಲಿ ಎಂಬ ಬಳಕೆಯ ಸೂತ್ರ ಹುಟ್ಟಿದ್ದು ಇಂಥ ಲೆಕ್ಕದಿಂದಲೇ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನುಗಳಲ್ಲಿ ಆಂಪ್ಲಿಫೈಯರ್ ಒಳಗೇ ಇರುವುದರಿಂದ ಈ ಗೋಜಿಲ್ಲ. ಆದರೆ ತಯಾರಕರು ಅಲ್ಲಿ ತಾವೇ ತಗ್ಗು ಸ್ವರವನ್ನು ಉಬ್ಬಿಸಿ, ಅದನ್ನೇ ಹಿರಿಮೆಯೆಂದು ಮಾರುವುದುಂಟು.

ಉಬ್ಬಿದರೆ ಏನಾಯಿತು ಎಂದು ಕೇಳುವವರು ಗಂಗೂಬಾಯಿ ಹಾನಗಲ್ ಅವರ ಮುದ್ರಿಕೆಯೊಂದನ್ನು ಕೇಳಬೇಕು. ಗಂಟಲಿನ ಶಸ್ತ್ರಚಿಕಿತ್ಸೆಯ ಅನಂತರ ಅವರ ದನಿ ತಗ್ಗಿ ಗಡಸಾಯಿತು. ಆ ಗಡಸನ್ನೇ ಅವರು ಗಾಯನದ ಗಾಂಭೀರ್ಯವನ್ನಾಗಿ ಮಾಡಿಕೊಂಡರು. ತಗ್ಗು ಸ್ವರಕ್ಕೆ ಐದು ಡೆಸಿಬೆಲ್ ತಾನೇ ಸೇರಿಸುವ ಸಾಧನದಲ್ಲಿ ಕೇಳುವವನಿಗೆ ಎಷ್ಟು ಗಂಗೂಬಾಯಿಯವರದು, ಎಷ್ಟು ಯಂತ್ರದ್ದು ಎಂಬುದು ಗೊತ್ತಾಗುವುದೇ ಇಲ್ಲ. 2009ರಲ್ಲಿ ಅವರು ತೀರಿಕೊಂಡ ಮೇಲೆ ಹೋಲಿಸಿ ನೋಡಲು ಇರುವುದು ಮುದ್ರಿಕೆಗಳಷ್ಟೇ. ಪಾರಿಜಾತದ ಹಳೆಯ ಕಲಾವಿದರ ಮಾತೂ ಇಷ್ಟೇ. ಧ್ವನಿಮುದ್ರಣವನ್ನು ಕೇಳಿಯೇ ಕಲಿಯಬೇಕಾದ ಇಂದಿನ ಹುಡುಗನಿಗೆ ಬೇಕಾದದ್ದು ಸುಳ್ಳು ಹೇಳದ ಹೆಡ್‌ಫೋನ್.

ಜೊತೆಗೆ ಕಿವಿಯ ಆರೋಗ್ಯದ ಪ್ರಶ್ನೆಯೂ ಇದೆ. ವಯಸ್ಕರಿಗೆ ವಾರಕ್ಕೆ 40 ಗಂಟೆ ಕಾಲ 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ. ಮಾತು ಸ್ಪಷ್ಟವಿಲ್ಲದ ಸಾಧನದಲ್ಲಿ ಮನುಷ್ಯ ತಾನಾಗಿಯೇ ದನಿ ಏರಿಸುತ್ತಾನೆ. ಸಾರ್ವಜನಿಕ ಸ್ಥಳಗಳಿಗೆ 2000ದ ಶಬ್ದಮಾಲಿನ್ಯ ನಿಯಮಗಳಿವೆ. ಧ್ವನಿವರ್ಧಕದ ಸದ್ದು ಆ ಸ್ಥಳದ ಎಲ್ಲೆಯಲ್ಲಿ ನಿಗದಿತ ಮಟ್ಟಕ್ಕಿಂತ 10 ಡೆಸಿಬೆಲ್ ಮೀರಬಾರದು, ಅಥವಾ 75 ದಾಟಬಾರದು, ಯಾವುದು ಕಡಿಮೆಯೋ ಅದು. ವಸತಿ ಪ್ರದೇಶದ ಹಗಲಿನ ಮಟ್ಟ 55 ಆದ್ದರಿಂದ ಅಲ್ಲಿ ಮಿತಿ 65. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವೇ ಕೂಡದು. ಹಬ್ಬ ಉತ್ಸವಗಳಿಗಾಗಿ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸಬಹುದು. ಸುಪ್ರೀಂ ಕೋರ್ಟ್ 2005ರ ಜುಲೈಯಲ್ಲಿ ಕೊಟ್ಟ ತೀರ್ಪು ಈ ನಿಯಮಗಳಿಗೆ ಬಲ ತುಂಬಿತು. ಬೆಳಗಿನ ತನಕ ನಡೆಯುವ ಬಯಲಾಟಕ್ಕೆ ಇದು ಇಕ್ಕಟ್ಟಿನ ಸಂಗತಿ, ಅನುಮಾನವಿಲ್ಲ. ಆದರೆ ನಿಯಮ ಸಡಿಲಿಸಿರೆಂದು ಕೇಳುವ ನೈತಿಕ ಹಕ್ಕು ಊರೆಲ್ಲ ನಡುಗಿಸುವ ಸೆಟ್ ತರುವವರಿಗಿಂತ ಪ್ರೇಕ್ಷಕರಿಗಷ್ಟೇ ಕೇಳಿಸುವವರಿಗೆ ಹೆಚ್ಚು ಇರುತ್ತದೆ.

ಹಾಗೆ ಕೇಳಿಸುವ ದಾರಿ ಕಠಿಣವೇನಲ್ಲ. ವೇದಿಕೆಯ ಬಳಿ ಪರ್ವತ ಪೇರಿಸುವ ಬದಲು ಸಾಧಾರಣ ಶಕ್ತಿಯ ಎರಡು ಪೆಟ್ಟಿಗೆಗಳನ್ನು ಮುಂದೆ, ಇನ್ನೆರಡನ್ನು ಜನರ ನಡುವೆ ನಿಲ್ಲಿಸಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ, 34 ಮೀಟರ್ ಹಿಂದಿರುವ ಪೆಟ್ಟಿಗೆಗೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡಮಾಡಿ ದನಿ ಕಳುಹಿಸಬೇಕು. ಇಲ್ಲವಾದರೆ ಒಂದೇ ಮಾತು ಎರಡು ಬಾರಿ ಕೇಳುತ್ತದೆ.

ಖರ್ಚಿನ ಪ್ರಶ್ನೆಗೆ ಹುಕ್ಕೇರಿಯಲ್ಲಿ ಒಂದು ಸುಳಿವಿದೆ. ಆ ತಾಲ್ಲೂಕಿನ ಹಳ್ಳಿಗಳಿಗೆ ವಿದ್ಯುತ್ ಹಂಚಲು 1969ರಲ್ಲಿ ಹುಟ್ಟಿದ್ದು ಒಂದು ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಬಳಕೆದಾರರೇ ಅದರ ಸದಸ್ಯರು. ವಿದ್ಯುತ್ತನ್ನೇ ಸಹಕಾರದಲ್ಲಿ ಹಂಚಿಕೊಂಡ ಸೀಮೆಗೆ ಧ್ವನಿವರ್ಧಕವೊಂದನ್ನು ಹಂಚಿಕೊಳ್ಳುವುದು ಭಾರವಾಗಲಾರದು. ಈಗ ಗುಡಿಗೊಂದು, ಸಂಘಕ್ಕೊಂದು, ಶಾಲೆಗೊಂದು ಕಳಪೆ ಸೆಟ್ಟು ಕೊಳ್ಳುತ್ತಾರೆ. ಪ್ರತಿಯೊಂದೂ ವರ್ಷದಲ್ಲಿ ಬೆರಳೆಣಿಕೆಯ ದಿನ ದುಡಿದು ಉಳಿದ ದಿನ ದೂಳು ತಿನ್ನುತ್ತದೆ. ನಾಲ್ಕಾರು ಗ್ರಾಮ ಪಂಚಾಯಿತಿಗಳು ಕೂಡಿ, ಸರಿಯಾಗಿ ಹೊಂದಿಸಿದ ಒಂದೇ ಸೆಟ್ಟನ್ನೂ ಅದನ್ನು ಬಲ್ಲ ಒಬ್ಬ ಯುವಕನನ್ನೂ ಇಟ್ಟುಕೊಂಡರೆ ಅದೇ ಹಣದಲ್ಲಿ ಒಳ್ಳೆಯ ದನಿ ಸಿಗುತ್ತದೆ.

ಟೆಂಡರಿನಲ್ಲಿ ವ್ಯಾಟಿನ ಸಾಲು ಕೊನೆಗಿರಲಿ. ಮೊದಲು ಸ್ಪೀಕರಿನ ಸಂವೇದನೆ, ಸ್ವರವ್ಯಾಪ್ತಿ, ಕೊನೆಯ ಸಾಲಿನಲ್ಲಿ ಸಿಗಬೇಕಾದ ಡೆಸಿಬೆಲ್ ಬರೆಯಲಿ. ಯಂತ್ರ ಬಂದ ಮೇಲೆ ಅಳತೆಯ ಉಪಕರಣವಿಲ್ಲವೆಂದು ಚಿಂತಿಸಬೇಕಾಗಿಲ್ಲ. ಕೌಜಲಗಿಯ ಪಾರಿಜಾತ ಬಲ್ಲ ಒಬ್ಬ ಕಲಾವಿದರನ್ನು ವೇದಿಕೆಗೆ ಕರೆದು, ಒಂದಕ್ಕೊಂದು ಸಂಬಂಧವಿಲ್ಲದ ನೂರು ಪದಗಳನ್ನು ಓದಿಸಲಿ: ಸಾಲ, ಶಾಲೆ, ಪಾಲು, ಹಾಲು, ತಲೆ, ಕಲೆ. ಕೊನೆಯ ಸಾಲಿನಲ್ಲಿ ಐದಾರು ಜನ ಕುಳಿತು ಕೇಳಿದ್ದನ್ನು ಬರೆದುಕೊಳ್ಳಲಿ. ನೂರಕ್ಕೆ ಎಷ್ಟು ಸರಿಯಾಯಿತೆಂದು ಎಣಿಸಿ, ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ನಮೂದಿಸಿದ ನಂತರವೇ ಪಾವತಿಗೆ ಕಳುಹಿಸಲಿ.